ಕಾರ್ಯಕ್ರಮದ ಫೋಟೊ ಹಾಕುವ ಮುಂಚೆ ಅಂಚು ಕತ್ತರಿಸಿ

ಆರ್ಕೆಸ್ಟ್ರಾ, ಸಂಗೀತ ಕಾರ್ಯಕ್ರಮದ ಫೋಟೊ ನೆಟ್ಟಲ್ಲಿ ಹಾಕುವ ಮುಂಚೆ ನಾಲ್ಕೂ ಕಡೆ ಸ್ವಲ್ಪ ಕ್ರಾಪ್ ಮಾಡಿ, ಪೂರ್ತಿ ಫ್ರೇಮ್ ಇರುವ ರಾ ಫೈಲನ್ನು (ಕ್ಯಾಮೆರಾದ ಮೂಲ ಫೈಲು) ಯಾರಿಗೂ ಕೊಡದೆ ಇಟ್ಟುಕೊಳ್ಳಿ. ನಾಳೆ ಯಾರೋ ನಿಮ್ಮನ್ನು ಕೇಳದೆ ಅದನ್ನೇ ಪೋಸ್ಟರ್‌ಗೆ ಹಾಕಿಕೊಂಡು ‘ಇದು ನಮ್ದೇ’ ಅಂದರೆ, ಅವರ ಹತ್ತಿರ ಇಲ್ಲದ ಅಂಚು ನಿಮ್ಮ ಹತ್ತಿರ ಇರುತ್ತದೆ: ನಮ್ಮ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದ ಪರದೆಯ ತುದಿ, ಪಕ್ಕದ ಸ್ಪೀಕರ್, ಅರ್ಧ ಮಾತ್ರ ಕಾಣುವ ತಬಲಾದವರ ಕೈ. ಫೋಟೊ ಮೇಲೆ ಹಾಕುವ ಹೆಸರು, ಅಂದರೆ ವಾಟರ್‌ಮಾರ್ಕ್, ಅಳಿಸಬಹುದು. ಫೈಲಿನೊಳಗಿನ ಕ್ಯಾಮೆರಾ ವಿವರ ವಾಟ್ಸಾಪಲ್ಲಿ ಫೋಟೊ ಆಗಿ ಕಳಿಸಿದರೆ ಅಲ್ಲೇ ಹೋಗುತ್ತದೆ. ಕತ್ತರಿಸಿದ ಅಂಚು ಅವರಿಗೆ ಎಲ್ಲಿಂದ ಬರಬೇಕು? ಈಗ ಎಐನಲ್ಲಿ ಅಂಚು ಬೆಳೆಸುವವರೂ ಇದ್ದಾರೆ ಬಿಡಿ, ಅದಕ್ಕೇ ಹಿಂದೆ ಮುಂದೆ ತೆಗೆದ ನಾಲ್ಕೈದು ಶಾಟ್‌ಗಳನ್ನು, ಶೇಕ್ ಆಗಿದ್ದರೂ ಸರಿ, ಡಿಲೀಟ್ ಮಾಡಬೇಡಿ. ಜಗಳಕ್ಕೆ ಹೋಗುವ ಮುಂಚೆ ಲಿಂಕ್, ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ, ಕೇಳಿದ ತಕ್ಷಣ ಅಳಿಸಿಬಿಡುತ್ತಾರೆ. ಪೂರ್ತಿ ಫೈಲ್‌ಗಳನ್ನು ಪೆನ್‌ಡ್ರೈವಲ್ಲಿ ಆಯೋಜಕರ ಕೈಗೆ ಕೊಟ್ಟಿದ್ದರೆ ಈ ಉಪಾಯ ನಡೆಯಲ್ಲ. ಇನ್ನೊಂದು, ಇದು ಸುಮಾರು ಜನಕ್ಕೆ ಗೊತ್ತಿಲ್ಲ: ಆಯೋಜಕರೇ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊ ಆದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹಕ್ಕು ಅವರದ್ದೇ. ಅಡ್ವಾನ್ಸ್ ತಗೊಳ್ಳುವಾಗಲೇ ‘ಹಕ್ಕು ಫೋಟೋಗ್ರಾಫರ್‌ದು’ ಅಂತ ಬರೆಸಿಕೊಳ್ಳಿ.