ಒಂದು ಬೇಡಿಕೆ, ಒಂದು ಹಾಳೆ: ನಮ್ಮ ಮುಖ್ಯಶಿಕ್ಷಕರ ಸಂಘದ ಈ ವರ್ಷ

ಮಳೆ ರಜೆಯ ದಿನಗಳನ್ನು ತುಂಬಿಸುವ ಶನಿವಾರಗಳು ಯಾವುವು ಅಂತ ಈ ಸಲ ನಮ್ಮ ಕ್ಲಸ್ಟರ್‌ಗಳೇ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪುಗಳೇ, ತೀರ್ಮಾನ ಮಾಡಿದವು. ಶಿಕ್ಷಣ ಇಲಾಖೆಯ ಕಚೇರಿಯಿಂದ ಲಿಖಿತ ಒಪ್ಪಿಗೆಯೂ ಬಂತು. "ಆಗದ ಕೆಲಸ, ಸುಮ್ನೆ ಬಿಡಿ ಮೇಷ್ಟ್ರೇ" ಅಂದಿದ್ದವರೇ ಈಗ ಫೋನ್ ಮಾಡಿ ಹೇಗಾಯ್ತು ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡುತ್ತೇನೆ.

ಸಮಸ್ಯೆ ಏನು ಅಂತ ಕೊಡಗಿನ ಯಾವ ಮುಖ್ಯಶಿಕ್ಷಕರಿಗೂ ವಿವರಿಸಬೇಕಿಲ್ಲ. ಜೂನ್ ಬಂದರೆ ರಜೆ ಶುರು. ಆಗಸ್ಟ್ ಮಧ್ಯದಲ್ಲಿ ಕಕ್ಕಡ ತಿಂಗಳು ಮುಗಿಯುವ ತನಕ ಇದೇ ಪಾಡು. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ನೋಡಿದವರು ಯಾರೂ ಮಳೆಯ ವಿಷಯದಲ್ಲಿ ಧೈರ್ಯ ಮಾಡುವುದಿಲ್ಲ, ಮಾಡಲೂಬಾರದು. ರಜೆ ಬೇಡ ಅಂತ ನಾವು ಯಾವತ್ತೂ ಕೇಳಿಲ್ಲ. ತಕರಾರು ಇದ್ದದ್ದು ಅದನ್ನು ತುಂಬಿಸುವ ಕಾಲದ ಬಗ್ಗೆ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯಿದೆ) ಪ್ರಕಾರ 1ರಿಂದ 5ನೇ ತರಗತಿಗೆ 200 ದಿನ, 6ರಿಂದ 8ಕ್ಕೆ 220 ದಿನ ಆಗಬೇಕು. ಕೊರತೆ ಬಿದ್ದದ್ದನ್ನು ನಾವು ಡಿಸೆಂಬರ್, ಜನವರಿ ಶನಿವಾರಗಳಲ್ಲಿ ಪೂರ್ತಿ ದಿನ ಶಾಲೆ ನಡೆಸಿ ಸರಿ ಮಾಡುತ್ತಿದ್ದೆವು. ಆಗ ಕಾಫಿ ಕೊಯ್ಲು. ತೋಟ ಕಾರ್ಮಿಕರ ಲೈನ್ ಮನೆ ಮಕ್ಕಳು, ಆದಿವಾಸಿ ಹಾಡಿ ಮಕ್ಕಳು ಬರುವುದೇ ಇಲ್ಲ. ದೊಡ್ಡವರು ಅಪ್ಪ ಅಮ್ಮನ ಜೊತೆ ತೋಟಕ್ಕೆ. ಸಣ್ಣವರು ಮನೆಯಲ್ಲಿ ಅವರಿಗಿಂತ ಸಣ್ಣವರನ್ನು ನೋಡಿಕೊಳ್ಳಲು. ದಿನ ತುಂಬುತ್ತಿತ್ತು, ಯಾರಿಗೆ ಪಾಠ ಬೇಕೋ ಅವರೇ ಇರುತ್ತಿರಲಿಲ್ಲ. ಇದು ನನ್ನ ಹೊಟ್ಟೆ ಉರಿಸುತ್ತಿದ್ದ ವಿಷಯ.

ನಮ್ಮ ಸಂಘದಲ್ಲಿ ಸರ್ಕಾರಿ, ಅನುದಾನಿತ ಎರಡೂ ಸೇರಿ 70ರ ಆಸುಪಾಸು ಶಾಲೆಗಳಿವೆ. ಭಾಗಮಂಡಲದ ಕಡೆಯವರೂ ಇದ್ದಾರೆ, ಸಿದ್ದಾಪುರ, ಕುಶಾಲನಗರದ ಕಡೆಯವರೂ ಇದ್ದಾರೆ. ಶಾಲೆಗೆ 300 ರೂಪಾಯಿ ಚಂದಾ. ವರ್ಷಕ್ಕೆ ಸುಮಾರು 20 ಸಾವಿರ ಕೈಗೆ ಬರುತ್ತದೆ. ಹಿಂದಿನ ವರ್ಷಗಳಲ್ಲಿ ಇದರಲ್ಲಿ ಮುಕ್ಕಾಲು ಪಾಲು ಹೋದದ್ದು ಸಮಾವೇಶಕ್ಕೆ. ಹಾಲ್ ಬಾಡಿಗೆ, ಊಟ, ಅತಿಥಿಗಳಿಗೆ ಶಾಲು, ಹಾರ. ಕೊನೆಯಲ್ಲಿ ಹದಿನಾಲ್ಕೋ ಹದಿನೈದೋ ಬೇಡಿಕೆಗಳ ಮನವಿ. ಶೌಚಾಲಯ ದುರಸ್ತಿಯಿಂದ ವೇತನ ತಾರತಮ್ಯದವರೆಗೆ ಎಲ್ಲ ಅದರಲ್ಲೇ. ಮರುದಿನ ಪತ್ರಿಕೆಯಲ್ಲಿ ಫೋಟೋ. ಅಲ್ಲಿಗೆ ಮುಗಿಯಿತು.

ಒಂದು ಸಲ ವ್ಯಾನ್ ಮಾಡಿಕೊಂಡು ಬೆಂಗಳೂರಿಗೂ ಹೋದೆವು. ಬಾಡಿಗೆ, ಊಟ ಸೇರಿ 12 ಸಾವಿರ ದಾಟಿತು. ದೊಡ್ಡ ಕಚೇರಿಯೊಂದರಲ್ಲಿ ಮಧ್ಯಾಹ್ನದ ತನಕ ಕೂತು ಐದು ನಿಮಿಷ ಮಾತಾಡಿದೆವು. ಟಪಾಲಿಗೆ ಹಾಕಿ ಅಂದರು. ಆ ಕಡತ ಎಲ್ಲಿಗೆ ಹೋಯಿತೋ, ಇವತ್ತಿಗೂ ಉತ್ತರ ಇಲ್ಲ.

ಈ ಸಲ ಕಾರ್ಯದರ್ಶಿ ಜವಾಬ್ದಾರಿ ನನಗೆ ಬಂತು. ಬೇರೆ ಬೇಡಿಕೆಗಳನ್ನೆಲ್ಲ ಬದಿಗಿಡೋಣ, ಒಂದನ್ನೇ ಹಿಡಿಯೋಣ ಅಂದೆ. ಸಭೆಯಲ್ಲಿ ಗಲಾಟೆಯೇ ಆಯಿತು. ವೇತನದ ವಿಷಯ ಬಿಟ್ಟರೆ ಸದಸ್ಯರು ಚಂದಾ ಕೊಡಲ್ಲ ಅಂದರು ಹಿರಿಯರೊಬ್ಬರು. ಕೊಟ್ಟರು. ಐದಾರು ಶಾಲೆ ಮಾತ್ರ ಬಾಕಿ.

ಮೊದಲ ಕೆಲಸ ಹಾಜರಾತಿ ಪುಸ್ತಕ. ಪ್ರತಿ ಶಾಲೆಯಿಂದ ಆರನೇ ತರಗತಿಯ, ಅದಿಲ್ಲದ ಕಡೆ ನಾಲ್ಕನೇ ತರಗತಿಯ ಹಿಂದಿನ ವರ್ಷದ ಲೆಕ್ಕ ತರಿಸಿದೆ. ಎರಡನೆಯದು ಮಳೆ. ಇಲ್ಲಿ ನಾನು ಸರ್ಕಾರಿ ಅಂಕಿಅಂಶಕ್ಕೆ ಕಾಯಲಿಲ್ಲ. ನಮ್ಮ ಬೆಳೆಗಾರರ ಮನೆಗಳಲ್ಲಿ ಮಳೆ ಪುಸ್ತಕ ಇರುತ್ತದಲ್ವಾ, ಅದನ್ನು ಕೇಳಿದೆ. ನಮ್ಮೂರಿನ ಹಿರಿಯ ಬೆಳೆಗಾರರೊಬ್ಬರು ತೋರಿಸಿದ ಪುಸ್ತಕ ಅವರ ತಂದೆಯ ಕಾಲದಿಂದ ಬಂದದ್ದು. ರಟ್ಟು ಸವೆದು ಬಟ್ಟೆ ಅಂಟಿಸಿದ್ದರು. ದಿನಾಂಕ, ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ), ಮೂರೇ ಕಾಲಂ. ಜುಲೈನ ಒಂದು ಪುಟದಲ್ಲಿ ಸೊನ್ನೆ ಇದ್ದ ದಿನವೇ ಇಲ್ಲ. ಅಂಚಿನಲ್ಲಿ ಸಣ್ಣದಾಗಿ "ತೋಡು ಉಕ್ಕಿದೆ, ಆಳು ಇಲ್ಲ" ಅಂತ ಬರೆದಿತ್ತು. ಅದೇ ದಿನ ನಮ್ಮ ಹಾಜರಾತಿ ತೆಗೆದು ನೋಡಿದೆ. ಅವತ್ತು ರಜೆ ಘೋಷಣೆ ಇರಲಿಲ್ಲ. ತರಗತಿಯಲ್ಲಿ ಇದ್ದದ್ದು ಏಳೋ ಎಂಟೋ ಮಕ್ಕಳು.

ಅಲ್ಲಿ ದಾರಿ ಸಿಕ್ಕಿತು. ಮೂರು ಇಂಚು ದಾಟಿದ ದಿನ ಮೇಲ್ಭಾಗದ ಶಾಲೆಗಳಲ್ಲಿ ಅರ್ಧ ಮಕ್ಕಳೂ ಇಲ್ಲ, ರಜೆ ಇರಲಿ ಬಿಡಲಿ. ಕುಶಾಲನಗರ ಕಡೆ ಅಂಥ ಮಳೆಯೇ ಅಪರೂಪ. ಹಾಗಾದರೆ ಎಲ್ಲರಿಗೂ ಒಂದೇ ಲೆಕ್ಕದ ಶನಿವಾರ ಯಾಕೆ? ಕೊಯ್ಲೂ ಹಾಗೇ. ಅರೇಬಿಕಾ ಜಾಸ್ತಿ ಇರುವ ಕಡೆ ನವೆಂಬರ್‌ಗೇ ಹಣ್ಣು ಕೊಯ್ಯಲು ಶುರು. ರೋಬಸ್ಟಾ ತೋಟಗಳಲ್ಲಿ ಹೊಸ ವರ್ಷ ಕಳೆದ ಮೇಲೆಯೇ ಬಿರುಸು. ಅರೇಬಿಕಾ ಕಡೆಯವರು ದಸರಾ ರಜೆ ಮುಗಿದ ಕೂಡಲೇ ತುಂಬಿಸಬೇಕು. ರೋಬಸ್ಟಾ ಕಡೆಯವರಿಗೆ ಪುತ್ತರಿ (ಭತ್ತದ ಕೊಯ್ಲಿನ ಹಬ್ಬ) ತನಕ, ಇನ್ನೂ ಸ್ವಲ್ಪ ಆಚೆಗೂ ಸಮಯ ಇದೆ. ಇದನ್ನೆಲ್ಲ ಒಂದೇ ಹಾಳೆಗೆ ಇಳಿಸಿದೆ. ಕಚೇರಿಗೆ ಮಿಲಿಮೀಟರ್ ಬೇಕು, ಇಂಚನ್ನು 25.4ರಿಂದ ಗುಣಿಸಿಕೊಳ್ಳಿ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಕಾಯಿದೆಯಲ್ಲಿ ಗಂಟೆಯ ಲೆಕ್ಕವೂ ಇದೆ, 6ರಿಂದ 8ಕ್ಕೆ 1000 ಗಂಟೆ. ದಿನಾ ಮುಕ್ಕಾಲು ಗಂಟೆ ಜಾಸ್ತಿ ಪಾಠ ಮಾಡಿದರೆ ಹೇಗೆ ಅಂತ ಎರಡು ಕಡೆ ನೋಡಿದೆವು. ಕುಶಾಲನಗರ ಕಡೆ ಚೆನ್ನಾಗಿ ನಡೆಯಿತು. ಸಿದ್ದಾಪುರ ಕಡೆ ಒಂದು ವಾರವೂ ನಿಲ್ಲಲಿಲ್ಲ. ಸಂಜೆ ತಡವಾದರೆ ತೋಟದ ದಾರಿಯಲ್ಲಿ ಆನೆ. ಪೋಷಕರು ಬೇಡ ಅಂದರು, ಅವರು ಹೇಳಿದ್ದೇ ಸರಿ. ಮಕ್ಕಳಿಂದ ಬಾಟಲಿಯ ಮಳೆಮಾಪಕ ಮಾಡಿಸಿದ್ದೂ ಇದೇ ಸಮಯದಲ್ಲಿ. ಲೆಕ್ಕ ತೋಟದ ಪುಸ್ತಕಕ್ಕೆ ಅಷ್ಟಾಗಿ ಹೊಂದಲಿಲ್ಲ, ಆದರೆ ಗಣಿತಕ್ಕೆ ತುಂಬಾ ಉಪಯೋಗವಾಯಿತು. ಆ ಕಥೆ ಇನ್ನೊಮ್ಮೆ.

ಹಾಳೆ ಹಿಡಿದು ನಿಯೋಗ ಹೋಗಲಿಲ್ಲ. ಇಬ್ಬರೇ ಹೋದೆವು, ನಾನು ಮತ್ತು ರೋಬಸ್ಟಾ ಕಡೆಯ ಒಬ್ಬ ಮೇಡಂ. ಮೊದಲು ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು), ಆಮೇಲೆ ಕಚೇರಿಯಲ್ಲಿ ಕಡತ ನೋಡುವ ವಿಷಯ ನಿರ್ವಾಹಕರು, ಕೊನೆಗೆ ಅಲ್ಲಿನ ಅಧಿಕಾರಿ ಸಾಹೇಬರು. ಈ ಕ್ರಮ ತಪ್ಪಿಸಬೇಡಿ. ವಿಷಯ ನಿರ್ವಾಹಕರಿಗೆ ಅರ್ಥವಾದರೆ ಅರ್ಧ ಕೆಲಸ ಆದಂತೆ, ಟಿಪ್ಪಣಿ ಬರೆಯುವವರು ಅವರೇ ತಾನೇ. ಯಾವ ತಿಂಗಳು, ವಾರದ ಯಾವ ದಿನ ಹೋದೆವು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮುಂದಿನ ವರ್ಷವೂ ಅದೇ ದಾರಿಯಲ್ಲಿ ಹೋಗುವುದಿದೆ. ಸಾಹೇಬರು ಹಾಳೆಯನ್ನು ಎರಡು ಸಲ ಓದಿ, "ಇದನ್ನು ಮೊದಲೇ ಯಾರೂ ಹೀಗೆ ತೋರಿಸಿರಲಿಲ್ಲ" ಅಂದರು. ಆ ಮಾತಿಗೆ ನನಗೆ ಹೆಮ್ಮೆ ಇದೆ.

ಖರ್ಚು? ಝೆರಾಕ್ಸ್, ಬಸ್ಸು, ಕಾಫಿ ಎಲ್ಲ ಸೇರಿ ನಾಲ್ಕು ಸಾವಿರದ ಒಳಗೆ. ಉಳಿದ ಹಣ ಬ್ಯಾಂಕಿನಲ್ಲಿದೆ. ಅಕ್ಟೋಬರ್, ನವೆಂಬರ್ ಶನಿವಾರಗಳಲ್ಲಿ ನಮ್ಮ ಆರನೇ ತರಗತಿಗೆ ಹತ್ತರಲ್ಲಿ ಎಂಟು ಮಕ್ಕಳಾದರೂ ಬಂದರು. ಹಿಂದಿನ ಜನವರಿಯಲ್ಲಿ ನಾಲ್ಕು ದಾಟಿರಲಿಲ್ಲ. ಎಲ್ಲ ಶಾಲೆಯಲ್ಲೂ ಇಷ್ಟು ಚೆನ್ನಾಗಿ ಆಗಿಲ್ಲ. ಎರಡು ಕ್ಲಸ್ಟರ್‌ನವರು ದಿನಾಂಕ ಹಾಕುವುದರಲ್ಲೇ ನವೆಂಬರ್ ಕಳೆದರು.

ಮುಂದಿನ ಬೇಡಿಕೆ ಬೆಳಗಿನ ಬಸ್ಸಿನ ಸಮಯ. ಆನೆ ಓಡಾಡುವ ದಾರಿಗಳಲ್ಲಿ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂದರೆ ಮಕ್ಕಳು ಕತ್ತಲಲ್ಲಿ ನಡೆಯುವುದು ತಪ್ಪುತ್ತದೆ. ಯಾವ ನಿಲ್ದಾಣದಲ್ಲಿ ಎಷ್ಟು ಮಕ್ಕಳು, ಮನೆಯಿಂದ ಎಷ್ಟು ದೂರ ಅನ್ನುವ ಪಟ್ಟಿ ಪ್ರತಿ ಶಾಲೆಯಿಂದ ಬೇಕು. ಇನ್ನೂ ಕಳಿಸದವರು ಈ ತಿಂಗಳು ಮುಗಿಯುವುದರೊಳಗೆ ನಿಮ್ಮ ಸಿಆರ್‌ಪಿ ಕೈಗೆ ಕೊಡಿ.