ಪಂಚಾಯ್ತಿನ ನಗರಸಭೆಗೆ ಸೇರಿಸ್ತಾರಂತೆ ಅಂದಾಗ ಆಕ್ಷೇಪಣೆ ಹಾಕೋದು ಹೇಗೆ

ನಿಮ್ ಪಂಚಾಯ್ತಿನ ಶಿರಸಿ ನಗರಸಭೆಗೋ ಕಾರವಾರ ನಗರಸಭೆಗೋ ಸೇರಿಸ್ತಾರಂತೆ ಅಂತ ವಾಟ್ಸಾಪಲ್ಲಿ ಬಂತು ಅನ್ಕೊಳ್ಳಿ. ಎಲ್ರೂ ಸೊಸೈಟಿ ಕಟ್ಟೆ ಮೇಲೆ ಕವಳ ಹಾಕ್ಕೊಂಡು ಒಂದ್ ವಾರ ಬೈತಾರೆ, ಆಮೇಲೆ ಯಾರೋ ಒಂದು ಮನವಿ ಬರೆದು ಮುನ್ನೂರು ಸಹಿ ಹಾಕ್ಸಿ ಆಫೀಸಲ್ಲಿ ಕೊಟ್ಟು ಫೋಟೋ ಪೇಪರಿಗೆ ಕಳಿಸ್ತಾರೆ, ಅಲ್ಲಿಗೆ ಹೋರಾಟ ಮುಗೀತು. ನಾವೂ ಇದನ್ನೇ ಮಾಡಿದ್ವಿ ಮಾರಾಯ್ರೆ. ಮುನ್ನೂರು ಸಹಿ ಇದ್ರೂ ಕಡತದಲ್ಲಿ ಅದು ಒಂದೇ ಅರ್ಜಿ, ಮೇಲಿಂದ ನಮ್ ಹತ್ರ ಇದ್ದ ಪ್ರತಿಗೆ ಸ್ವೀಕೃತಿ ಸೀಲೂ ಇರ್ಲಿಲ್ಲ, ಕೊಟ್ಟಿದ್ದಕ್ಕೆ ಸಾಕ್ಷಿ ಅಂದ್ರೆ ಆ ಫೋಟೋ ಒಂದೇ.

ಮೊದ್ಲು ತಿಳ್ಕೊಳ್ಬೇಕಾದ್ದು, ಇದು ನಗರಸಭೆಯವ್ರು ಠರಾವು ಮಾಡಿದ ಕೂಡ್ಲೇ ಆಗಿಹೋಗೋ ವಿಷಯ ಅಲ್ಲ. ಇಲ್ಲಿಂದ ಪ್ರಸ್ತಾವನೆ, ಡಿಸಿ ವರದಿ ಎಲ್ಲ ಹೋಗ್ತದೆ, ಆದ್ರೆ ತೀರ್ಮಾನ ರಾಜ್ಯ ಸರ್ಕಾರದ್ದು, ಅಂದ್ರೆ ಬೆಂಗಳೂರಿನ ನಗರಾಭಿವೃದ್ಧಿ ಇಲಾಖೆದು. ಕರ್ನಾಟಕ ಪುರಸಭೆಗಳ ಕಾಯ್ದೆ 1964ರ ಪ್ರಕಾರ ಮೊದ್ಲು ಕರಡು ಅಧಿಸೂಚನೆ ಗೆಜೆಟಲ್ಲಿ ಬರ್ಬೇಕು, ಜನ ಆಕ್ಷೇಪಣೆ ಹಾಕೋಕೆ ಟೈಮ್ ಕೊಡ್ಬೇಕು, ಆಮೇಲೇ ಅಂತಿಮ ಅಧಿಸೂಚನೆ. ಟೈಮ್ ಸಾಮಾನ್ಯವಾಗಿ 30 ದಿನ, ಎಷ್ಟು ಅಂತ ಅದ್ರಲ್ಲೇ ಬರೆದಿರ್ತದೆ. ಆ ದಿನ ಲೆಕ್ಕ ಆಗೋದು ಗೆಜೆಟ್ ತಾರೀಕಿಂದ, ನಮ್ ಊರಿಗೆ ಸುದ್ದಿ ಮುಟ್ಟಿದ ದಿನದಿಂದ ಅಲ್ಲ. ಹಾಗಾಗಿ ವಾಟ್ಸಾಪ್ ಫಾರ್ವರ್ಡ್ ಬಿಟ್ಟು ಇ-ರಾಜ್ಯಪತ್ರ ವೆಬ್‌ಸೈಟಲ್ಲಿ ಗೆಜೆಟ್ ಪ್ರತಿನೇ ಇಳಿಸ್ಕೊಳ್ಳಿ. ಈ ಸಲ ಜನಗಣತಿಗಾಗಿ 2025ರ ಡಿಸೆಂಬರ್ 31ಕ್ಕೆ ಗಡಿಗಳನ್ನ ಫ್ರೀಜ್ ಮಾಡ್ತಾರೆ, ಅಂದ್ರೆ ಆಮೇಲೆ ಬದಲಾಯಿಸೋಹಾಗಿಲ್ಲ ಅಂತ ಆಗಿದ್ದು, ಗಣತಿ ಮುಗಿಯೋವರೆಗೆ ಸಿಗೋ ಬಿಡುವಲ್ಲಿ ಕಾಗದ ಒಟ್ಟು ಮಾಡಿ ಇಟ್ಕೊಳ್ಳೋದು ಒಳ್ಳೇದು.

ಗೆಜೆಟ್ ಸಿಕ್ಕಿದ್ಮೇಲೆ ಕೊನೇಲಿರೋ ಅನುಸೂಚಿ ನೋಡಿ, ಸೇರಿಸೋ ಊರು, ಸರ್ವೆ ನಂಬರು, ಗಡಿ ಎಲ್ಲ ಅಲ್ಲೇ ಇರ್ತದೆ. ಪಹಣಿ ಇಟ್ಕೊಂಡು, ಸರ್ವೆ ನಂಬರು ತೋರಿಸೋ ದಿಶಾಂಕ್ ಆ್ಯಪಲ್ಲಿ ಜಾಗ ನೋಡ್ಕೊಂಡು, ನಿಮ್ ತೋಟ, ಬೆಟ್ಟ, ಗದ್ದೆ ಯಾವ್ದು ಒಳಗೆ ಯಾವ್ದು ಹೊರಗೆ ಅಂತ ಗುರುತು ಹಾಕಿ.

ಈಗ ಮುಖ್ಯ ವಿಷಯ. "ನಮಗೆ ಬೇಡ", "ತೆರಿಗೆ ಜಾಸ್ತಿ ಆಗ್ತದೆ" ಅಂತ ಬರೆದ್ರೆ ಅದಕ್ಕೆ ಕಾನೂನಲ್ಲಿ ದೊಡ್ಡ ತೂಕ ಇಲ್ಲ. ಸಂವಿಧಾನದ 243ಕ್ಯೂ ವಿಧಿಲಿ ಒಂದು ಪ್ರದೇಶನ ನಗರ ಅನ್ನೋಕೆ ಏನೇನು ನೋಡ್ಬೇಕು ಅಂತ ಇದೆ: ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆದಾಯ, ಕೃಷಿಯೇತರ ಕೆಲಸದಲ್ಲಿರೋರ ಪ್ರಮಾಣ, ಆಮೇಲೆ ಆರ್ಥಿಕ ಮಹತ್ವ ಇತ್ಯಾದಿ. ಪುರಸಭೆ ಕಾಯ್ದೆಲಿ ಇವಕ್ಕೆ ಅಳತೆನೂ ಇದೆ, ಚದರ ಕಿಲೋಮೀಟರಿಗೆ 1500 ಜನ, ಕೃಷಿಯೇತರ ಕೆಲಸದೋರು ಕನಿಷ್ಠ ಶೇ. 50. ನಮ್ ಉತ್ತರ ಕನ್ನಡ ಜಿಲ್ಲೆ ಸಾಂದ್ರತೆ 2011ರ ಗಣತೀಲಿ 140! ಊರಿನ ಜನಸಂಖ್ಯೆನ ವಿಸ್ತೀರ್ಣದಿಂದ ಭಾಗಿಸಿ ನಿಮ್ಮದನ್ನ ತೆಗೀರಿ. ಅವ್ರು ಪೇಟೆನೂ ಸೇರ್ಸಿ ಒಟ್ಟು ಸರಾಸರಿ ತೋರಿಸ್ಬಹುದು, ಅದಕ್ಕೇ ನಿಮ್ ಊರಿನ ಲೆಕ್ಕ ಬೇರೆಯಾಗಿ ಹಾಕಿ ಕೊಡಿ.

ಶೇ. 50ರ ಲೆಕ್ಕದಲ್ಲಿ ನಮ್ ಕಡೆಯವ್ರಿಗೆ ಒಂದು ಗುಂಡಿ ಇದೆ, ಇದನ್ನ ಯಾರೂ ಹೇಳೋದಿಲ್ಲ. ಜನಗಣತಿಯವ್ರ ವ್ಯಾಖ್ಯೆಲಿ ಚಾ, ಕಾಫಿ, ರಬ್ಬರ್, ತೆಂಗು, ಅಡಕೆ ಇವು ಪ್ಲಾಂಟೇಶನ್ ಬೆಳೆ, ಇವನ್ನ ಬೆಳೆಯೋರು ಸಾಗುವಳಿದಾರ್ರ ಪಟ್ಟಿಲಿ ಬರೋದೇ ಇಲ್ಲ, 'ಇತರ ಕೆಲಸಗಾರರು' ಕಾಲಮ್ಮಿಗೆ ಹೋಗ್ತಾರೆ. ಅಜ್ಜನ ಕಾಲದಿಂದ ಅಡಕೆ ಕೊನೆ ಕೊಯ್ದು, ಸೊಪ್ಪು ಹೊತ್ತು, ಮದ್ದು ಹೊಡೆದು ಬದುಕಿದ ಮನೆ ಕಾಗದದಲ್ಲಿ ಪೇಟೆ ಅಂಗಡಿಯೋರ ಜೊತೆ ಕೂತಿರ್ತದೆ! ಕಾರವಾರ, ಅಂಕೋಲಾ ಕಡೆ ಮೀನುಗಾರ್ರ ಕಥೆನೂ ಇದೇ. ಆ ಕಾಲಮ್ಮನ್ನೇ ಎತ್ತಿ ಕೃಷಿಯೇತರ ಅಂದ್ರೆ ನಾವೆಲ್ಲ ಆಗ್ಲೇ ನಗರವಾಸಿಗಳು. ಹಾಗಾಗಿ ಆಕ್ಷೇಪಣೆಲಿ ನೇರವಾಗಿ ಕೇಳಿ, ಕೃಷಿಯೇತರ ಪ್ರಮಾಣ ಯಾವ ದಾಖಲೆಯಿಂದ ತೆಗೆದ್ರಿ, ಅಡಕೆ ತೋಟದೋರನ್ನ ಯಾವ ಕಡೆ ಹಾಕಿದ್ರಿ ಅಂತ. ಜೊತೆಗೆ ಪಹಣಿಯ ಬೆಳೆ ಕಾಲಮ್, ಸೊಸೈಟಿ ಸದಸ್ಯರ ಪಟ್ಟಿ, ಹಾಲಿನ ಡೇರಿ ಪಟ್ಟಿ ಇಡಿ.

ಇನ್ನು ಅರ್ಜಿ. ಮನೆಗೊಂದು ಬೇರೆ ಬೇರೆ ಹಾಕಿ, ಹೆಸರು, ವಿಳಾಸ, ಸರ್ವೆ ನಂಬರು, ಅಧಿಸೂಚನೆ ನಂಬರು ತಾರೀಕು ಸಮೇತ, ಎರಡು ಪುಟ ಸಾಕು. ಒಬ್ರೇ ಬರೆದು ಎಲ್ರೂ ಜೆರಾಕ್ಸ್ ಹೊಡ್ಸಿದ್ರೆ ಓದೋರು ಮೊದಲನೇದು ನೋಡಿ ಉಳಿದಿದ್ದು ಪಕ್ಕಕ್ಕಿಡ್ತಾರೆ. ಒಬ್ರು ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರೋಕೆ ಬಿಟ್ಟ ಕಾಡಿನ ಜಾಗ) ಹಕ್ಕು ಏನಾಗ್ತದೆ ಅಂತ ಕೇಳಿ. ಇನ್ನೊಬ್ರು ಅರಣ್ಯ ಹಕ್ಕಿನ ಅರ್ಜಿ ಬಗ್ಗೆ ಬರೀರಿ, 2006ರ ಕಾಯ್ದೆಲಿ ಅದು ಶುರುವಾಗೋದೇ ಗ್ರಾಮಸಭೆಯಿಂದ, ಪಂಚಾಯ್ತಿನೇ ಹೋದ್ರೆ ಬಾಕಿ ಅರ್ಜಿ ಯಾರು ನೋಡ್ತಾರೆ? ಜಾಬ್ ಕಾರ್ಡ್ ಇದ್ದೋರು ಉದ್ಯೋಗ ಖಾತ್ರಿ ಬಗ್ಗೆ ಕೇಳಿ, ಅದು ಗ್ರಾಮೀಣರಿಗೆ ಮಾತ್ರ.

ಮತ್ತೆ ಪೂರ್ತಿ ಬೇಡ ಅನ್ನೋದಕ್ಕಿಂತ ಇಂಥ ಸರ್ವೆ ನಂಬರು ಬಿಡಿ ಅನ್ನೋದು ಜಾಸ್ತಿ ಕೆಲ್ಸ ಮಾಡ್ತದೆ ಅಂತ ನನ್ನ ಅಭಿಪ್ರಾಯ. ರಸ್ತೆ ಬದಿ ಲೇಔಟ್ ಆಗಿರೋ ಕಡೆ ಮನೆ ಕಟ್ಟಿದೋರಿಗೆ ನಲ್ಲಿ ನೀರು, ಬೀದಿ ದೀಪ, ಕಸದ ಗಾಡಿ ಬೇಕಿರ್ತದೆ, ಅವ್ರು ಸೇರ್ಲಿ, ತೋಟ, ಬೆಟ್ಟ ಹೊರಗಿರ್ಲಿ ಅಂದ್ರೆ ಊರೊಳಗೆ ಜಗಳನೂ ಕಡಿಮೆ.

ಗ್ರಾಮಸಭೆ ಕರೆಸಿ ಠರಾವು ಮಾಡ್ಸಿ, ಚರ್ಚೆ ಆಯ್ತು ಅಂತ ಸುಮ್ನಾಗ್ದೆ ಪಿಡಿಓ ಸಹಿ ಇರೋ ನಡಾವಳಿ ಪ್ರತಿ ಕೈಗೆ ತಗೊಳ್ಳಿ. ಆಕ್ಷೇಪಣೆನ ಅಧಿಸೂಚನೆಲಿ ಹೇಳಿದ ವಿಳಾಸಕ್ಕೇ ಸ್ಪೀಡ್ ಪೋಸ್ಟ್ ಮಾಡಿ, ಇನ್ನೊಂದು ಪ್ರತಿ ಕಾರವಾರದ ಡಿಸಿ ಆಫೀಸಿನ ಟಪಾಲು ವಿಭಾಗದಲ್ಲಿ ಕೈಯಾರೆ ಕೊಟ್ಟು ಸೀಲ್ ಹಾಕ್ಸಿ. ಶಿರಸಿಯೋರಿಗೆ ದೇವಿಮನೆ ಘಾಟ್ ಇಳಿದು ಹೋಗಿ ಬರೋದು ಒಂದ್ ದಿನದ ಕೆಲ್ಸ, ಹತ್ತು ಮನೆದು ಒಬ್ರೇ ಒಯ್ದ್ರೂ ಆಗ್ತದೆ, ಆದ್ರೆ ಹತ್ತಕ್ಕೂ ಬೇರೆ ಬೇರೆ ಸೀಲ್ ಬೇಕು. "ಇಟ್ಟು ಹೋಗಿ, ಆಮೇಲೆ ಹಾಕ್ತೇವೆ" ಅಂದ್ರೆ ಅಲ್ಲೇ ಬೆಂಚಲ್ಲಿ ಕೂರಿ.

ಅದೇ ದಿನ ಮಾಹಿತಿ ಹಕ್ಕಲ್ಲೂ ಒಂದು ಅರ್ಜಿ ಹಾಕಿ, 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, ನಮ್ ರಾಜ್ಯದ ನಿಯಮದಲ್ಲಿ 150 ಶಬ್ದ ದಾಟೋಹಾಗಿಲ್ಲ. ಕೇಳ್ಬೇಕಾದ್ದು ನಗರಸಭೆ ಠರಾವು, ಡಿಸಿ ವರದಿ, ಜನಸಾಂದ್ರತೆ ಮತ್ತೆ ಕೃಷಿಯೇತರ ಲೆಕ್ಕದ ಹಾಳೆ. ಉತ್ತರಕ್ಕೆ 30 ದಿನ, ಅಷ್ಟರಲ್ಲಿ ಆಕ್ಷೇಪಣೆ ಅವಧಿ ಮುಗಿದಿರ್ತದೆ, ಹಾಗಾಗಿ ಉತ್ತರಕ್ಕೆ ಕಾಯ್ತಾ ಆಕ್ಷೇಪಣೆ ನಿಲ್ಲಿಸ್ಬೇಡಿ.

ಎಲ್ಲ ಮಾಡಿಯೂ ಅಂತಿಮ ಅಧಿಸೂಚನೆ ಬಂತು ಅಂದ್ರೆ ಉಳಿಯೋದು ಹೈಕೋರ್ಟಿನ ಧಾರವಾಡ ಪೀಠ. ಅಲ್ಲಿ ನೋಡೋದು ಹೆಚ್ಚಾಗಿ ಕ್ರಮ ತಪ್ಪಿದ್ಯಾ, ಆಕ್ಷೇಪಣೆ ಪರಿಗಣಿಸಿದ್ರಾ ಅಂತ. ವಕೀಲ್ರು ಮೊದ್ಲು ಕೇಳೋದೇ ಸೀಲ್ ಇರೋ ಆ ಪ್ರತಿ, ಫೈಲಲ್ಲಿ ಜೋಪಾನ ಇಡಿ, ಮಳೆಗಾಲದಲ್ಲಿ ಅಟ್ಟದ ಮೇಲೆ ಹಾಕ್ಬೇಡಿ, ನಮ್ಮನೇಲಿ ಒಂದು ಕಾಗದ ಹಾಗೇ ಬೂಸ್ಟು ಹಿಡಿದು ಹೋಯ್ತು.