ಮೊದಲು ಸುತಳಿ, ಆಮೇಲೆ ವೈರು

ರಾಯಚೂರಿನ ನಮ್ಮ ಶೆಡ್ಡಿನಲ್ಲಿ ಹತ್ತಿ, ತೊಗರಿಗೆ ಔಷಧಿ ಹೊಡೆಯುವ ಟ್ರ್ಯಾಕ್ಟರ್ ಸ್ಪ್ರೇಯರ್ ಮಾಡುತ್ತೇವೆ. ಎರಡೂ ಕಡೆ ರೆಕ್ಕೆಯ ಹಾಗೆ ಬಿಚ್ಚಿ ಮಡಚುವ ಬೂಮು, ಅಂದರೆ ಔಷಧಿ ಸಿಂಪಡಿಸುವ ಉದ್ದ ತೋಳು. ಅದರ ಮೇಲೆ ಔಷಧಿ ಬಿಡುವ, ನಿಲ್ಲಿಸುವ ಕರೆಂಟಿನ ವಾಲ್ವುಗಳು. ನಾನು ಎಲೆಕ್ಟ್ರಿಕಲ್, ವೈರಿಂಗ್ ನನ್ನದು. ಕಬ್ಬಿಣದ ಕೆಲಸ ನನ್ನ ಜೊತೆಗಾರನದು, ಅವನು ಮೆಕ್ಯಾನಿಕಲ್.

ಮೊದಲ ಮಷಿನ್‌ಗೆ ಬೂಮು ಮಡಚಿದ್ದಾಗಲೇ ಅಳತೆ ತಗೊಂಡು ವೈರು ಕತ್ತರಿಸಿದ್ದೆ. ಶೆಡ್ಡಿನಲ್ಲಿ ಎಲ್ಲ ವಾಲ್ವೂ ಟಿಕ್ ಅಂದವು. ಹೊಲದಲ್ಲಿ ಬೂಮು ಬಿಚ್ಚಿದ ಕೂಡಲೇ ಕನೆಕ್ಟರ್‌ನಿಂದ ಎರಡು ಪಿನ್ ಕಿತ್ತು ಬಂದವು. ಕಲಸಿಟ್ಟ ಔಷಧಿ ಟ್ಯಾಂಕಿನಲ್ಲೇ ಉಳಿಯಿತು. ಆ ರೈತನ ಮುಖ ಇನ್ನೂ ಕಣ್ಣ ಮುಂದಿದೆ.

ಅದಕ್ಕೇ ಹೇಳುತ್ತೇನೆ, ವೈರು ಹಿಡಿಯುವ ಬ್ರ್ಯಾಕೆಟ್‌ಗೆ ತೂತು ಹೊಡೆಯುವ ಮೊದಲೇ ಇಬ್ಬರೂ ಕೂತು ಮಾತಾಡಿ. ಸರ್ಕ್ಯೂಟ್ ಡ್ರಾಯಿಂಗಿನಲ್ಲಿ ವೈರು ಬರೀ ಗೆರೆ. ಮೆಕ್ಯಾನಿಕಲ್‌ನವರಿಗೆ ಅದರ ದಪ್ಪ ಬೇಕು. ಲೆಕ್ಕ ಸುಲಭ: ವೈರುಗಳ ಸಂಖ್ಯೆಯ ವರ್ಗಮೂಲವನ್ನು ಒಂದು ವೈರಿನ ದಪ್ಪದಿಂದ ಗುಣಿಸಿ, ಮತ್ತೆ 1.2ರಿಂದ ಗುಣಿಸಿ. 2.5 ಮಿ.ಮೀ. ದಪ್ಪದ 16 ವೈರು ಸೇರಿದರೆ ಸುಮಾರು 12 ಮಿ.ಮೀ. ಕಟ್ಟು. ತಿರುವಿನಲ್ಲಿ ನಾವು ಅದರ ಹತ್ತು ಪಟ್ಟು, ಅಂದರೆ 120 ಮಿ.ಮೀ. ತ್ರಿಜ್ಯ ಬಿಡುತ್ತೇವೆ. ನನ್ನ ಜೊತೆಗಾರ ಬಿಟ್ಟಿದ್ದು 40. ನಾನು ಹೇಳದೆ ಅವನಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಉದ್ದಕ್ಕೆ ನಮ್ಮ ಉಪಾಯ ಸುತಳಿ. ವೈರು ಹೋಗುವ ದಾರಿಯಲ್ಲೇ ಅದನ್ನು ಎಳೆದು, ಕ್ಲಿಪ್ ಬರುವಲ್ಲೆಲ್ಲ ಗಂಟು ಹಾಕಿ. ಬೂಮು ಪೂರ್ತಿ ಬಿಚ್ಚಿ ನೋಡಿ, ಪೂರ್ತಿ ಮಡಚಿ ನೋಡಿ, ಅರ್ಧಕ್ಕೆ ನಿಲ್ಲಿಸಿಯೂ ನೋಡಿ. ಎಲ್ಲಿ ಬಿಗಿಯುತ್ತದೆ, ಎಲ್ಲಿ ಜೋತು ಬಿದ್ದು ಸಿಕ್ಕಿಕೊಳ್ಳುತ್ತದೆ ಅನ್ನುವುದು ಅಲ್ಲೇ ಕಾಣುತ್ತದೆ. ಆಮೇಲೆ ಸುತಳಿ ಬಿಚ್ಚಿ ನೆಲದ ಮೇಲೆ ಹಾಸಿ ಅಳೆಯಿರಿ.

ಬೂಮು ಮಡಚುವ ಕೀಲಿನ ಹತ್ತಿರ ಜಾಸ್ತಿ ಹೊತ್ತು ಕೊಡಿ. ವೈರನ್ನು ಕೀಲಿಗೆ ಅಡ್ಡ ಹಾಯಿಸಬೇಡಿ, ಕೀಲಿನ ಪಿನ್ ಉದ್ದಕ್ಕೇ ಹಾಯಿಸಿ. ಆಗ ವೈರು ಒಂದೇ ಜಾಗದಲ್ಲಿ ಮಡಚುವುದಿಲ್ಲ, ಉದ್ದಕ್ಕೂ ಸ್ವಲ್ಪ ಸ್ವಲ್ಪ ತಿರುಚಿಕೊಳ್ಳುತ್ತದೆ. ಸಣ್ಣ ಎಳೆಗಳ ವೈರೇ ಇರಲಿ. ಅಲ್ಲಿ ಜಾಯಿಂಟ್ ಬೇಡ. ಎರಡೂ ಬದಿಗೆ ಕ್ಲ್ಯಾಂಪ್ ಬೇಕು, ಅದಕ್ಕೆ ಜಾಗ ಬಿಡುವುದು ಮೆಕ್ಯಾನಿಕಲ್‌ನವರ ಕೆಲಸ.

ವೈರನ್ನು ಸೈಲೆನ್ಸರ್‌ನಿಂದ ದೂರ ಇಡಿ. ಮನೆ ವೈರಿಂಗಿನ ಸಾದಾ ಪಿವಿಸಿ ವೈರಿನ ಮಿತಿ 70 ಡಿಗ್ರಿ, ನಮ್ಮೂರ ಬೇಸಿಗೆಯೇ 40 ದಾಟುತ್ತದೆ. ಕನೆಕ್ಟರ್‌ಗೆ ಮುಂಚೆ ವೈರನ್ನು ಸ್ವಲ್ಪ ಕೆಳಗೆ ಇಳಿಸಿ ಮೇಲೆತ್ತಿ. ವೈರಿನ ಗುಂಟ ಇಳಿಯುವ ಔಷಧಿ ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಕನೆಕ್ಟರ್‌ನ ಯಾವ ಪಿನ್‌ಗೆ ಯಾವ ವೈರು ಅನ್ನುವ ಪಟ್ಟಿ ಒಂದೇ ಇರಲಿ, ಇಬ್ಬರೂ ಅದನ್ನೇ ತಿದ್ದಿ.

ಮಷಿನ್ ರೈತನಿಗೆ ಕೊಡುವ ಮೊದಲು ವೈರು ಹಾಯಿಸಿದ ಪೈಪಿಗೆ ಸೀಮೆಸುಣ್ಣ ಬಳಿಯುತ್ತೇವೆ. ಲಿವರ್ ಜೊತೆಗಾರನ ಕೈಯಲ್ಲಿ, ಎಣಿಕೆ ನನ್ನದು. ಐವತ್ತು ಸಲ ಬಿಚ್ಚಿ ಮಡಚುತ್ತೇವೆ. ಸುಣ್ಣ ಅಳಿಸಿದ ಕಡೆ ಕಬ್ಬಿಣ ಉಜ್ಜಿದೆ ಅಂತ ಅರ್ಥ. ಅಲ್ಲಿನ ಬ್ರ್ಯಾಕೆಟ್ ಬಿಚ್ಚಿ, ಮತ್ತೆ ಸುತಳಿ ಹಿಡಿಯುತ್ತೇವೆ.